ಬಟ್ಟೆ ಗೊತ್ತಿದ್ದವರಿಗೇ ಕಷ್ಟ: ಕನೆಕ್ಷನ್ಸ್ ಆಟದ ಬಗ್ಗೆ ಹೊಲಿಗೆಯವಳ ಮಾತು

ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಕನೆಕ್ಷನ್ಸ್ ಅನ್ನೋ ಇಂಗ್ಲಿಷ್ ಪದಗಳ ಆಟದಲ್ಲಿ ಬಟ್ಟೆಬರೆಯ ಪದಗಳು ಬಂದ ದಿನ ನನಗೆ ಹಬ್ಬ ಅಂತ ಮನೆಯಲ್ಲಿ ಎಲ್ಲರ ನಂಬಿಕೆ. ಹೊಲಿಗೆ ಕೆಲಸದವಳಿಗೆ ಹೊಲಿಗೆಯ ಪದ ಗೊತ್ತಿರೋದಿಲ್ವಾ ಅಂತ. ಗೊತ್ತಿರುತ್ತದೆ. ತೊಂದರೆ ಇರೋದೇ ಅಲ್ಲಿ. ಒಂದು ಪದಕ್ಕೆ ಒಂದೇ ಅರ್ಥ ಗೊತ್ತಿದ್ದವರು ಸಲೀಸಾಗಿ ದಾಟಿ ಹೋಗುತ್ತಾರೆ. ಮೂರು ಅರ್ಥ ಗೊತ್ತಿದ್ದವರು ಕೂತು ಯೋಚನೆ ಮಾಡಬೇಕು. ಈ ಆಟ ನನಗೆ ಇಷ್ಟವಾಗಿರೋದೂ ಅದಕ್ಕೇ, ಕೆಲವು ದಿನ ಫೋನ್ ಬೋರಲು ಹಾಕಿ ಎದ್ದು ಹೋಗೋಣ ಅನ್ನಿಸೋದೂ ಅದಕ್ಕೇ.

ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಸ್ಯಾಂಪಲ್ ಸೆಕ್ಷನ್‌ನಲ್ಲಿ ವರ್ಷಗಟ್ಟಲೆ ಇದ್ದವಳು ನಾನು. ಅಮೆರಿಕದ ಬೈಯರ್, ಇಂಗ್ಲೆಂಡಿನ ಬೈಯರ್ ಕಳಿಸುವ ಟೆಕ್ ಪ್ಯಾಕ್ ನೋಡಿ ಮೊದಲ ಪೀಸ್ ಹೊಲಿದು ಕೊಡೋದು ನಮ್ಮ ಕೆಲಸ. ಟೆಕ್ ಪ್ಯಾಕ್ ಅಂದರೆ ಒಂದು ಅಂಗಿಯ ಪೂರ್ತಿ ಜಾತಕ. ಕಾಲರ್ ಎಷ್ಟು ಇಂಚು, ಭುಜದ ಯೋಕ್ ಎಲ್ಲಿಂದ ಎಲ್ಲಿಗೆ, ಗುಂಡಿ ಹಾಕುವ ಪಟ್ಟಿ ಅಂದರೆ ಪ್ಲಾಕೆಟ್ ಎಷ್ಟು ಅಗಲ, ಕಾಜಾ ಎಷ್ಟು, ಎಲ್ಲ ಅದರಲ್ಲಿರುತ್ತದೆ. ಕನ್ನಡ ಮೀಡಿಯಂನಲ್ಲಿ ಓದಿದ ನಾನು ಇಂಗ್ಲಿಷ್ ಕಲಿತದ್ದು ಬಹುಪಾಲು ಆ ಹಾಳೆಗಳಿಂದಲೇ. ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆಟ ಹಿಡಿಸಿದವಳು ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮಗಳು. "ಚಿಕ್ಕಮ್ಮ, ನಿನಗೆ ಇದು ಹೇಳಿ ಮಾಡಿಸಿದ ಆಟ" ಅಂತ ಒಂದು ಲಿಂಕ್ ಕಳಿಸಿದಳು. ಅಷ್ಟೇ, ಅಂಟಿಕೊಂಡಿತು.

ಗೊತ್ತಿಲ್ಲದವರಿಗೆ ಆಟದ ನಿಯಮ ಬೇಗ ಹೇಳಿಬಿಡುತ್ತೇನೆ. ಪರದೆಯ ಮೇಲೆ 16 ಪದ ಇರುತ್ತವೆ. ಅವನ್ನು ನಾಲ್ಕು ನಾಲ್ಕರ ಗುಂಪು ಮಾಡಬೇಕು. ಪ್ರತಿ ಗುಂಪಿಗೂ ಒಂದು ಒಳಸಂಬಂಧ ಇರುತ್ತದೆ, ಅದು ಏನು ಅಂತ ಮೊದಲೇ ಹೇಳುವುದಿಲ್ಲ. ಹಳದಿ ಗುಂಪು ಸುಲಭ, ಆಮೇಲೆ ಹಸಿರು, ನೀಲಿ, ಕೊನೆಗೆ ನೇರಳೆ. ನೇರಳೆಯಲ್ಲಿ ಸಾಮಾನ್ಯವಾಗಿ ಪದದ ಅರ್ಥಕ್ಕಿಂತ ಪದದ ಜೊತೆ ಏನೋ ಆಟ ಇರುತ್ತದೆ. ನಾಲ್ಕು ತಪ್ಪಾದರೆ ಮುಗೀತು, ಉತ್ತರ ತಾನೇ ತೋರಿಸುತ್ತದೆ. ನಾಲ್ಕರಲ್ಲಿ ಮೂರು ಸರಿ ಇದ್ದರೆ 'ಒಂದು ಮಾತ್ರ ಬೇರೆ' ಅಂತ ಹೇಳುತ್ತದೆ, ಯಾವುದು ಅಂತ ಹೇಳುವುದಿಲ್ಲ. ಗಡಿಯಾರ ಇಲ್ಲ. ಇದು ನನಗೆ ದೊಡ್ಡ ವಿಷಯ. ಒಲೆ ಮೇಲೆ ಸಾರು ಇಟ್ಟು ಆಡಬಹುದು, ಗಿರಾಕಿ ಬಂದರೆ ನಿಲ್ಲಿಸಿ ಆಮೇಲೆ ಮುಂದುವರಿಸಬಹುದು.

2023ರ ಜೂನ್ 12ರಂದು ಇದು ಪ್ರಾಯೋಗಿಕವಾಗಿ ಶುರುವಾಯಿತು. ಪದಗಳನ್ನು ಹೊಂದಿಸೋದು ಒಬ್ಬ ಸಂಪಾದಕಿ, ಕಂಪ್ಯೂಟರ್ ಅಲ್ಲ. ಆಡುವಾಗ ಅದು ಗೊತ್ತಾಗುತ್ತದೆ. ಇಲ್ಲಿ ಯಾರೋ ಬೇಕಂತಲೇ ಒಂದು ಹಳ್ಳ ತೋಡಿ ಮೇಲೆ ಎಲೆ ಮುಚ್ಚಿದ್ದಾರೆ ಅನ್ನಿಸುತ್ತದೆ. ಇಂಗ್ಲೆಂಡಿನ ಬಿಬಿಸಿಯಲ್ಲಿ 2008ರಿಂದ ಬರುತ್ತಿರುವ 'ಓನ್ಲಿ ಕನೆಕ್ಟ್' ಕಾರ್ಯಕ್ರಮದಲ್ಲೂ 16 ಪದದ ಗೋಡೆ ಅಂತ ಇಂಥದೇ ಸುತ್ತು ಇದೆ. ಅಲ್ಲಿ ಎರಡೂವರೆ ನಿಮಿಷದಲ್ಲಿ ಮುಗಿಸಬೇಕು. ಅದರ ನಿರೂಪಕಿ ಈ ಹೋಲಿಕೆಯನ್ನು ಎಲ್ಲರ ಮುಂದೆ ಎತ್ತಿ ಹೇಳಿದ್ದರು. ಯಾರದು ಮೊದಲು ಅನ್ನೋ ಜಗಳ ನನಗೆ ಬೇಡ. ಗಡಿಯಾರ ಇಲ್ಲದ್ದು ನನಗೆ ಸಾಕು.

ಈಗ ಬಟ್ಟೆಯ ವಿಷಯಕ್ಕೆ ಬರೋಣ. ಅಕ್ಕನ ಮಗಳು ಚಂದಾ ಕಟ್ಟಿದ್ದಾಳೆ. ಚಂದಾದಾರರಿಗೆ ಹಳೆಯ ಒಗಟುಗಳೆಲ್ಲ ಸಿಗುತ್ತವೆ. ರಜೆಗೆ ಊರಿಗೆ ಬಂದಾಗ ಅವಳ ಟ್ಯಾಬ್‌ನಲ್ಲಿ ಶುರುವಿನಿಂದ ಆಡುತ್ತಾ ಕೂತೆವು. ಎರಡನೇ ದಿನದ್ದು, ಅಂದರೆ 2023ರ ಜೂನ್ 13ರದ್ದು, ನನಗೆ ತುಂಬಾ ಇಷ್ಟವಾಯಿತು. ಉಡುಪಿನ ಒಗಟು ಅಂದರೆ ಹೇಗಿರಬೇಕು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಹಳೆಯದು, ಉತ್ತರ ಹೇಳಿದರೆ ಪರವಾಗಿಲ್ಲ. ಆಡಬೇಕು ಅನ್ನುವವರು ಮುಂದಿನ ನಾಲ್ಕು ಪ್ಯಾರಾ ಬಿಟ್ಟು ಓದಿ.

ಪಾದರಕ್ಷೆಯ ಗುಂಪು ಒಂದಿತ್ತು: ಬೂಟ್, ಲೋಫರ್, ಪಂಪ್, ಸ್ನೀಕರ್. ನೋಡಿದರೆ ಸಲೀಸು. ಆದರೆ ಅದೇ ಚೌಕದಲ್ಲಿ ಫುಟ್ ಅಂತಲೂ ಇತ್ತು. ಬೂಟ್ ಪಕ್ಕದಲ್ಲಿ ಫುಟ್ ಕಂಡರೆ ಕೈ ಸುಮ್ನೆ ಇರುತ್ತಾ? ಪಾದ, ಚಪ್ಪಲಿ, ಎಲ್ಲ ಒಂದೇ ಮನೆಯವು ಅನ್ನಿಸುತ್ತದೆ. ಜೊತೆಗೆ ಪಂಪ್ ಅಂದರೆ ನಮ್ಮ ಕಡೆ ಮೊದಲು ನೆನಪಾಗೋದು ಬೋರ್‌ವೆಲ್ಲಿನ ಪಂಪು, ಪೆಟ್ರೋಲ್ ಪಂಪು. ಹೆಂಗಸರು ಹಾಕುವ, ಮೇಲ್ಭಾಗ ತೆರೆದ ಹಿಮ್ಮಡಿ ಷೂಗೆ ಆ ಹೆಸರಿದೆ ಅಂತ ನನಗೆ ಗೊತ್ತಿತ್ತು, ಬೈಯರ್ ಕಳಿಸುವ ಕ್ಯಾಟಲಾಗ್ ಫೋಟೋಗಳಲ್ಲಿ ನೋಡಿದ್ದೆ. ಲೋಫರ್ ಅಂತೂ ನಮ್ಮ ಸಿನಿಮಾಗಳಲ್ಲಿ ಬೈಗುಳ. ಅಕ್ಕನ ಮಗಳು ನಕ್ಕಿದ್ದು ಅದಕ್ಕೆ.

ನಾನು ಫುಟ್‌ಗೆ ಕೈ ಹಾಕಲಿಲ್ಲ. ಯಾಕೆ ಅಂದರೆ ಚೌಕದಲ್ಲಿ ಯಾರ್ಡ್ ಇತ್ತು. ಅಮೆರಿಕದ ಆರ್ಡರ್‌ಗಳಲ್ಲಿ ಬಟ್ಟೆಯ ಲೆಕ್ಕವೇ ಯಾರ್ಡ್. ಒಂದು ಡಜನ್ ಅಂಗಿಗೆ ಎಷ್ಟು ಯಾರ್ಡ್ ಬೀಳುತ್ತದೆ ಅನ್ನೋದರ ಮೇಲೆ ಕಟಿಂಗ್ ಮಾಸ್ಟರ್‌ಗೂ ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್‌ಗೂ ದಿನವೂ ವಾದ. 36 ಇಂಚಿಗೆ ಒಂದು ಯಾರ್ಡ್, ಮೂರು ಅಡಿಗೆ ಒಂದು ಯಾರ್ಡ್. ಯಾರ್ಡ್ ಕಂಡ ಕೂಡಲೇ ಫುಟ್ ಅದರ ಪಕ್ಕಕ್ಕೆ ಹೋಯಿತು, ಮೈಲ್ ಬಂದು ಸೇರಿಕೊಂಡಿತು. ನಾಲ್ಕನೆಯದು ಲೀಗ್. ಹಳೆಯ ಕಾಲದ ದೂರದ ಅಳತೆ, ಸುಮಾರು ಮೂರು ಮೈಲಿ. ನಮಗೆ ಲೀಗ್ ಅಂದರೆ ಕ್ರಿಕೆಟ್. ಅದನ್ನು ಉಳಿದವುಗಳಲ್ಲಿ ಎಲ್ಲೂ ಕೂರಿಸೋಕೆ ಆಗಲಿಲ್ಲ, ಹಾಗಾಗಿ ಇಲ್ಲೇ ಕೂತಿತು.

ಮೂರನೆಯದು ಅಮೆರಿಕದ ಪತ್ರಿಕೆಗಳು: ಟೈಮ್, ಪೀಪಲ್, ಎಸೆನ್ಸ್, ಅಸ್. ಟೈಮ್ ಯಾರಿಗೆ ಗೊತ್ತಿಲ್ಲ, 1923ರಿಂದ ಇದೆ. ಎಸೆನ್ಸ್ ಅನ್ನೋದು ಕಪ್ಪು ಹೆಂಗಸರಿಗಾಗಿ 1970ರಲ್ಲಿ ಶುರುವಾದ ಪತ್ರಿಕೆ, ಅದು ಅಕ್ಕನ ಮಗಳಿಗೆ ಗೊತ್ತಿತ್ತು. ಅಸ್ ಅಂದರೆ 'ನಮ್ಮನ್ನು' ಅನ್ನೋ ಪದ, ಅದೂ ಪತ್ರಿಕೆಯ ಹೆಸರಂತೆ. ಇಂಥ ಗುಂಪನ್ನು ಬೆಂಗಳೂರಿನಲ್ಲಿ ಕೂತು ಬಿಡಿಸೋದು ಕಷ್ಟ.

ಕೊನೆಯದು ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು. ಸಾಲು ನಿಲ್ಲುವ ಕ್ಯೂ, ಸಮುದ್ರದ ಸೀ, ಯಾಕೆ ಅನ್ನುವ ವೈ, ಇನ್ನೊಂದು ಆರ್. ಇಂಗ್ಲಿಷಿನಲ್ಲಿ ಬರೆದಾಗ ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಬಾಯಿಬಿಟ್ಟು ಓದಿದರೆ ನಾಲ್ಕೂ ಇಂಗ್ಲಿಷ್ ಅಕ್ಷರಗಳ ಹೆಸರು. ಕನ್ನಡದಲ್ಲಿ ಬರೆದರಂತೂ ಗುಟ್ಟು ಅಲ್ಲೇ ರಟ್ಟು, ನೋಡಿದಿರಲ್ಲ. ಹಾಗಾಗಿ ನೇರಳೆ ಸಿಗದೆ ಒದ್ದಾಡುವವರಿಗೆ ನನ್ನ ಸಲಹೆ ಇದು: ಪದಗಳನ್ನು ಜೋರಾಗಿ ಓದಿ. ಮನೆಯವರು ಏನಾದರೂ ಅಂದುಕೊಳ್ಳಲಿ.

ಈ ಒಗಟು ಯಾಕೆ ಚೆನ್ನಾಗಿದೆ ಅಂದರೆ, ಬಟ್ಟೆ ವ್ಯಾಪಾರದವರನ್ನು ಎರಡು ಕಡೆಯಿಂದ ಎಳೆಯುತ್ತದೆ. ಯಾರ್ಡ್ ಕೂಡ ನಮ್ಮದು, ಬೂಟೂ ನಮ್ಮದು. ಹೊರಗಿನವರಿಗೆ ಯಾರ್ಡ್ ಬರೀ ಅಳತೆ. ನಮಗೆ ಅದು ಥಾನು, ಕಟಿಂಗ್ ಟೇಬಲ್, ಆರು ಗಜದ ಸೀರೆ. ಸ್ವಲ್ಪ ಅವಸರ ಮಾಡಿದರೆ ಅದನ್ನೂ ಬಟ್ಟೆಯ ಗುಂಪಿಗೆ ತಳ್ಳಿಬಿಡುತ್ತೇವೆ.

ಮೊದಲ ದಿನದ ಒಗಟಿನಲ್ಲೂ ಹೀಗೇ. ಅಲ್ಲಿ ಬಟ್ಟೆಯ ಗುಂಪೇ ಇರಲಿಲ್ಲ. ಆದರೆ ಕೀಬೋರ್ಡ್ ಕೀಗಳ ಗುಂಪಿನಲ್ಲಿ ಶಿಫ್ಟ್, ಟ್ಯಾಬ್ ಇದ್ದವು. ಶಿಫ್ಟ್ ಅಂದರೆ ಸೊಂಟದ ಹತ್ತಿರ ಹಿಡಿತವಿಲ್ಲದ ನೇರ ಗೌನು, ಟ್ಯಾಬ್ ಅಂದರೆ ಕಾಲರ್ ಕೆಳಗೋ ತೋಳಿನ ಮೇಲೋ ಬರುವ ಸಣ್ಣ ಪಟ್ಟಿ. ಅಲ್ಲೇ ನೆಟ್ಸ್ ಅಂತ ಬೇರೆ. ನೆಟ್ ಬಟ್ಟೆ! ಮೂರು ಸಿಕ್ಕವು, ನಾಲ್ಕನೆಯದು ಎಲ್ಲಿ ಅಂತ ಹುಡುಕೋದರಲ್ಲೇ ನನ್ನ ಟೀ ಆರಿತು. ನೆಟ್ಸ್ ಇದ್ದದ್ದು ಬಕ್ಸ್, ಹೀಟ್, ಜಾಝ್ ಜೊತೆ. ಅವೆಲ್ಲ ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡಗಳು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿರುತ್ತದೆ ಹೇಳಿ. ಉಳಿದ ಮೂರು ಗುಂಪು ಮಾಡಿದರೆ ಇದು ತಾನಾಗಿ ಉಳಿಯುತ್ತದೆ, ನಿಜ. ಮಳೆ ಹಿಮದ ಪದಗಳು ಒಂದು ಕಡೆ. ಹಿಂದಿನಿಂದ ಓದಿದರೂ ಒಂದೇ ಆಗಿರುವ ಕಯಾಕ್, ಲೆವೆಲ್, ಮಾಮ್, ರೇಸ್‌ಕಾರ್ ಇನ್ನೊಂದು ಕಡೆ. ಉಳಿದದ್ದರಿಂದ ಗೆಲ್ಲೋದೂ ಗೆಲುವೇ. ಆದರೆ ತಂಡದ ಹೆಸರು ತಿಳಿದು ಗೆದ್ದಷ್ಟು ರುಚಿ ಇರೋದಿಲ್ಲ.

ಹೊಲಿಗೆಯವರಿಗೆ ಬಲೆಯಾಗುವ ಪದಗಳು ಇಂಗ್ಲಿಷಿನಲ್ಲಿ ರಾಶಿ ಇವೆ. ಯೋಕ್ ಅಂದರೆ ಅಂಗಿಯ ಭುಜದ ಭಾಗ, ಎತ್ತಿನ ನೊಗ ಕೂಡ. ಡಾರ್ಟ್ ಅಂದರೆ ಬ್ಲೌಸಿಗೆ ಹಿಡಿಯುವ ಡಾರ್ಟು, ಗುರಿಯಿಟ್ಟು ಎಸೆಯುವ ಆಟವೂ ಹೌದು. ಕಫ್ ಅಂಗಿಗೂ ಇದೆ, ಪೊಲೀಸರ ಕೈಯಲ್ಲೂ ಇದೆ. ಕಾಲರ್ ನಾಯಿಯ ಕೊರಳಲ್ಲಿದೆ. ಟ್ರೇನ್ ಅಂದರೆ ಮದುವೆ ಗೌನಿನ ಹಿಂದೆ ನೆಲದ ಮೇಲೆ ಎಳೆಯುವ ಬಾಲ. ಇವುಗಳಲ್ಲಿ ಯಾವುದಾದರೂ ಎರಡು ಒಂದೇ ಚೌಕದಲ್ಲಿ ಕಂಡರೆ ನನ್ನ ತಲೆಯಲ್ಲಿ ಅಂಗಿ ತಯಾರಾಗಿ ನಿಂತುಬಿಡುತ್ತದೆ. ಅದನ್ನು ಬಿಚ್ಚಿ ಹಾಕೋದೇ ಕೆಲಸ.

ನೇರಳೆಯ ಜಾತಿಯ ತಂತ್ರಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬ್ರೀಫ್, ಶಾರ್ಟ್, ಸ್ಲ್ಯಾಕ್, ಟೈಟ್. ಮೊದಲ ಎರಡು ಚಿಕ್ಕದು ಅನ್ನುವಂಥವು. ಮೂರನೆಯದು ಸಡಿಲ, ನಾಲ್ಕನೆಯದು ಬಿಗಿ, ಒಂದಕ್ಕೊಂದು ವಿರುದ್ಧ. ಗುಂಪಾಗುವ ಮಾತೇ ಇಲ್ಲ ಅನ್ನಿಸುತ್ತದೆ. ಕೊನೆಗೆ ಒಂದು ಎಸ್ ಸೇರಿಸಿ ನೋಡಿ. ನಾಲ್ಕೂ ಸೊಂಟದ ಕೆಳಗೆ ಹಾಕುವ ಬಟ್ಟೆ. ಇಂಥದ್ದು ಬಿಡಿಸಿದ ದಿನ ಮಷಿನ್ ತುಳಿಯೋಕೂ ಹುರುಪು ಬರುತ್ತದೆ.

ಇನ್ನೊಂದು ತಕರಾರು ಅಮೆರಿಕ ಮತ್ತು ಇಂಗ್ಲೆಂಡಿನ ಭೇದದ್ದು. ನಮ್ಮ ಕಾರ್ಖಾನೆಗೆ ಎರಡೂ ದೇಶದ ಬೈಯರ್ ಇದ್ದರು. ಇಂಗ್ಲೆಂಡಿನವರ ಟೆಕ್ ಪ್ಯಾಕ್‌ನಲ್ಲಿ ವೆಸ್ಟ್ ಅಂದರೆ ಒಳಗೆ ಹಾಕುವ ಬನಿಯನ್ನು. ಅಮೆರಿಕದವರಿಗೆ ಅದು ಕೋಟಿನ ಒಳಗಿನ ತೋಳಿಲ್ಲದ ಜಾಕೆಟ್ಟು. ಜಂಪರ್ ಅಂದರೆ ಇಂಗ್ಲೆಂಡಿನವರಿಗೆ ಸ್ವೆಟರ್, ಅಮೆರಿಕದವರಿಗೆ ಶಾಲೆ ಮಕ್ಕಳ ಪಿನಾಫೋರ್ ಥರದ್ದು. ಪ್ಯಾಂಟ್ಸ್ ವಿಷಯ ಬೇಡ ಬಿಡಿ, ಇಂಗ್ಲೆಂಡಿನಲ್ಲಿ ಅದು ಒಳಚಡ್ಡಿ, ಅವರ ಮುಂದೆ ಆ ಪದ ಹುಷಾರಾಗಿ ಬಳಸಬೇಕು ಅಂತ ನಮ್ಮ ಮರ್ಚಂಡೈಸರ್ ಮೇಡಂ ಹೊಸಬರಿಗೆಲ್ಲ ಹೇಳುತ್ತಿದ್ದರು. ಈ ಆಟ ಅಮೆರಿಕದ್ದು. ಹಾಗಾಗಿ ಬಟ್ಟೆಯ ಪದ ಬಂದಾಗ ಮೊದಲು ಅಮೆರಿಕದ ಅರ್ಥ ಹಿಡಿಯಿರಿ. ಶಾಲೆಯಲ್ಲಿ ನಾವು ಕಲಿತ ಇಂಗ್ಲಿಷ್ ಇಂಗ್ಲೆಂಡಿನ ಕಡೆಯದು ಜಾಸ್ತಿ, ಅದು ಇಲ್ಲಿ ಕೈ ಕೊಡಬಹುದು.

ನಾನು ಅನುಸರಿಸುವ ದಾರಿ ಒಂದೇ. ಯಾವ ಪದಕ್ಕೆ ಒಂದೇ ಮನೆ ಇದೆಯೋ ಅದನ್ನು ಮೊದಲು ಹುಡುಕೋದು. ಸ್ನೀಕರ್ ಪಾದದ ಹೊರತು ಬೇರೆಲ್ಲೂ ಹೋಗೋದಿಲ್ಲ. ಅದನ್ನು ಗೂಟದಂತೆ ಊರಿಕೊಂಡು ಉಳಿದ ಮೂವರನ್ನು ಕರೆಯೋದು. ಐದು ಜನ ಬಂದರೆ ಆ ಗುಂಪಿಗೆ ಕೈ ಹಾಕದೆ ಬೇರೆ ಕಡೆ ಹೋಗೋದು. ಶಫಲ್ ಬಟನ್ ಬಳಸಿ. ಪದಗಳನ್ನು ಪಕ್ಕಪಕ್ಕ ಇಟ್ಟು ಹಾದಿ ತಪ್ಪಿಸೋದರಲ್ಲಿ ಒಗಟು ಕಟ್ಟುವವರು ನಿಸ್ಸೀಮರು, ಕಲಸಿದರೆ ಕಣ್ಣಿನ ಭ್ರಮೆ ಅರ್ಧ ಕಡಿಮೆಯಾಗುತ್ತದೆ.

ಆಡಿದ ಮೇಲೆ ಬಣ್ಣದ ಚೌಕಗಳನ್ನು ವಾಟ್ಸಾಪ್‌ನಲ್ಲಿ ಕಳಿಸಬಹುದು. ಉತ್ತರ ಬಯಲಾಗೋದಿಲ್ಲ, ಎಷ್ಟು ಒದ್ದಾಡಿದೆ ಅನ್ನೋದು ಮಾತ್ರ ಗೊತ್ತಾಗುತ್ತದೆ. ಹೊಸ ಒಗಟು ಆಯಾ ಊರಿನ ಮಧ್ಯರಾತ್ರಿಗೆ ಬರುತ್ತದೆ. ಡಲ್ಲಾಸ್‌ಗಿಂತ ನಮಗೆ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಮೊದಲೇ. ಅವಳು ನಿನ್ನೆಯದನ್ನು ಮುಗಿಸುವ ಹೊತ್ತಿಗೆ ನಾನು ಇವತ್ತಿನದನ್ನು ಮುಗಿಸಿರುತ್ತೇನೆ. "ಚಿಕ್ಕಮ್ಮ, ನೇರಳೆ ಮೊದಲು ಬಿಡಿಸಿದ್ಯಾ? ಏನಾದ್ರೂ ಸುಳಿವು ಕೊಡು" ಅಂತ ಕಾಡುತ್ತಾಳೆ. ಕೊಡೋದಿಲ್ಲ.

ಕನ್ನಡದಲ್ಲಿ ಇಂಥದ್ದು ಮಾಡಿದರೆ ಹೇಗಿರುತ್ತದೆ ಅಂತ ನೋಡೋ ಆಸೆಯಾಯಿತು. ಹಳೆಯ ಸ್ಯಾಂಪಲ್ ಸೆಕ್ಷನ್ ಗೆಳತಿಯರು ಊಟಕ್ಕೆ ಸೇರುವ ದಿನ ಪ್ಯಾಟರ್ನ್ ಪೇಪರ್ ಕತ್ತರಿಸಿ 16 ಚೀಟಿ ಮಾಡಿಕೊಂಡು ಹೋದೆ. ಚೀಟಿಗಳು ಇವು: ಸೆರಗು, ಇಳಕಲ್, ಪೇಟ, ಟೋಪಿ, ಪಾಕ್, ನೆರಿಗೆ, ಉಡುಪಿ, ರುಮಾಲು, ಅಂಚು, ರೇಷ್ಮೆ, ಕುಲಾವಿ, ಕಂಚಿ, ಮಲ್ಲಿಗೆ, ಮುಂಡಾಸು, ಒಡಲು, ಮೊಳಕಾಲ್ಮೂರು. ನೀವೂ ಒಮ್ಮೆ ಪ್ರಯತ್ನಿಸಿ, ಆಮೇಲೆ ಮುಂದೆ ಓದಿ.

ಸೀರೆಯ ಭಾಗಗಳು ತಕ್ಷಣ ಸಿಕ್ಕವು: ಸೆರಗು, ಅಂಚು, ಒಡಲು, ನೆರಿಗೆ. ಆಮೇಲೆ ಶುರುವಾಯಿತು ಗದ್ದಲ. ಫಿನಿಶಿಂಗ್‌ನಲ್ಲಿದ್ದ ಗೆಳತಿ ಇಳಕಲ್, ಕಂಚಿ, ಮೊಳಕಾಲ್ಮೂರು ಜೊತೆ ರೇಷ್ಮೆಯನ್ನು ಎತ್ತಿಟ್ಟಳು. ಸೀರೆ ಅಂದಮೇಲೆ ರೇಷ್ಮೆ ಬೇಡ್ವಾ ಅಂತ ಅವಳ ವಾದ. ತಲೆಗೆ ಹಾಕುವವು ನೋಡಿದರೆ ಐದು: ಪೇಟ, ಟೋಪಿ, ರುಮಾಲು, ಮುಂಡಾಸು, ಕುಲಾವಿ. ಯಾವುದನ್ನು ಬಿಡಬೇಕು? ಬೆಂಗಳೂರಿನವಳೊಬ್ಬಳು ರುಮಾಲು ಅಂದರೆ ಕರ್ಚೀಫು, ಅದನ್ನು ತೆಗೆಯಿರಿ ಅಂದಳು. ವಿಜಯಪುರದ ಕಡೆಯವಳಿಗೆ ಸಿಟ್ಟು ಬಂತು. "ನಮ್ಮಪ್ಪ ತಲಿಗೆ ಸುತ್ತೋದು ಏನು ಮತ್ತ, ಕರ್ಚೀಫಾ?" ಅಂದಳು. ಅಲ್ಲಿಂದ ಊಟ ತಣ್ಣಗಾಗುವವರೆಗೂ ರುಮಾಲಿನ ಪಂಚಾಯ್ತಿ.

ಕೊನೆಗೆ ಪಾಕ್ ಹಿಡಿದು ಬಿಡಿಸಿದರು. ಪಾಕ್‌ಗೆ ಒಂದೇ ಮನೆ, ಮೈಸೂರು. ಮೈಸೂರು ಪಾಕ್, ಮೈಸೂರು ಮಲ್ಲಿಗೆ, ಮೈಸೂರು ರೇಷ್ಮೆ, ಮೈಸೂರು ಪೇಟ. ಚೀಟಿಗಳಲ್ಲಿ ಮೈಸೂರು ಅನ್ನೋ ಪದವೇ ಇಲ್ಲ, ಅದೇ ನನ್ನ ನೇರಳೆ. ಉಳಿದದ್ದು ಸೀರೆಗೆ ಹೆಸರಾದ ಊರುಗಳು: ಇಳಕಲ್, ಮೊಳಕಾಲ್ಮೂರು, ಕಂಚಿ, ಉಡುಪಿ. ಉಡುಪಿ ಸೀರೆಗೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಆದರೆ ಹೋಟೆಲ್ ಬಿಟ್ಟು ಸೀರೆಯನ್ನು ಯಾರೂ ನೆನೆಯಲಿಲ್ಲ. ಮಲ್ಲಿಗೆಯನ್ನು ಉಡುಪಿಗೆ ಜೋಡಿಸಿದವರೂ ಇದ್ದರು, ಅದೂ ತಪ್ಪಲ್ಲ. ಒಗಟು ಕಟ್ಟೋದು ಬಿಡಿಸೋದಕ್ಕಿಂತ ಕಷ್ಟ ಅಂತ ಆವತ್ತು ತಿಳಿಯಿತು. ಒಂದು ಪದ ಎರಡು ಕಡೆ ಎಳೆಯಬೇಕು, ಆದರೆ ಸರಿಯಾದ ಉತ್ತರ ಒಂದೇ ಇರಬೇಕು. ದಿನವೂ ಇದನ್ನು ಮಾಡುವವರ ಬಗ್ಗೆ ನನಗೆ ಮರ್ಯಾದೆ ಜಾಸ್ತಿಯಾಯಿತು. ಕನ್ನಡದಲ್ಲಿ ಯಾರಾದರೂ ದಿನಕ್ಕೊಂದು ಹೀಗೆ ಕೊಟ್ಟರೆ ನಾನು ದುಡ್ಡು ಕೊಟ್ಟು ಆಡುತ್ತೇನೆ.

ಕನೆಕ್ಷನ್ಸ್‌ಗೆ ದುಡ್ಡು ಕೊಡಬೇಕಾ? ಆಯಾ ದಿನದ ಒಗಟು ಪುಕ್ಕಟೆ. ಚಂದಾ ಕಟ್ಟಿದರೆ ಹಳೆಯವೂ ಸಿಗುತ್ತವೆ. ನಿಮ್ಮ ಆಟವನ್ನು ವಿವರಿಸುವ ಬಾಟ್ ಅನ್ನೋ ತಂತ್ರಾಂಶವೂ ಒಂದಿದೆ. ನನಗಂತೂ ದಿನಕ್ಕೆ ಒಂದೇ ಸಿಗೋದು ಒಳ್ಳೆಯದು. ಎರಡು ಸಿಕ್ಕರೆ ಗಿರಾಕಿಗಳ ಬ್ಲೌಸ್ ಹಬ್ಬಕ್ಕೆ ಮುಗಿಯೋದಿಲ್ಲ.

ಇಂಗ್ಲಿಷ್ ಅಷ್ಟಾಗಿ ಅಭ್ಯಾಸ ಇಲ್ಲದವರು ಇದರಿಂದ ಶುರು ಮಾಡಬೇಡಿ. ಅದೇ ಪತ್ರಿಕೆಯ ಸ್ಟ್ರ್ಯಾಂಡ್ಸ್ ನೋಡಿ. ಅಕ್ಷರಗಳ ಚೌಕದಲ್ಲಿ ಒಂದು ವಿಷಯಕ್ಕೆ ಸೇರಿದ ಪದಗಳನ್ನು ಹುಡುಕೋದು. ವಿಷಯದ ಹೊರಗಿನ ಮೂರು ಪದ ಸಿಕ್ಕರೆ ಒಂದು ಸುಳಿವು ಕೊಡುತ್ತಾರೆ, ತಪ್ಪಾದರೂ ಆಟ ಮುಗಿಯೋದಿಲ್ಲ. ಬಟ್ಟೆಯ ವಿಷಯ ಬಂದರೆ ಅಲ್ಲಿ ಹೊಲಿಗೆಯವರು ನಿಜವಾಗಿಯೂ ಮುಂದೆ, ಅಲ್ಲಿ ಬಲೆ ಇಲ್ಲ. ಕನೆಕ್ಷನ್ಸ್‌ನ ಕ್ರೀಡೆಯ ಆವೃತ್ತಿ ಅಂತಲೂ ಒಂದಿದೆ. ನೆಟ್ಸ್ ಕಂಡಾಗ ಬಟ್ಟೆ ನೆನೆಯುವವಳು ಅದರ ಗೋಜಿಗೆ ಹೋಗೋದಿಲ್ಲ.